ತೂಬಿನ ತಿರುವಿನಲ್ಲಿ ಹಳದಿ ದೀಪ

ರುದ್ರೇಶನ ದೇಹ ನಾಲೆಯ ಕೆಳಗಿನ ಗೇಟಿಗೆ ತಾಗಿ ನಿಂತಿದೆ ಎಂಬ ಸುದ್ದಿ ಊರಿಗೆ ಬಂದದ್ದು ಮಾರ್ಗಶಿರದ ಒಂದು ಸೋಮವಾರ ಬೆಳಿಗ್ಗೆ. ಅವನು ನೀರಿಗೆ ಬಿದ್ದು ಆಗಲೇ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಪೂಜೆಗೆಂದು ವಿಭೂತಿ ಗಟ್ಟಿ ಹಿಡಿದಿದ್ದ ತಂದೆ ಬೆಟ್ಟಸ್ವಾಮಿ ಅದನ್ನು ಕೆಳಗಿಡಲಿಲ್ಲ, ಹಚ್ಚಿಕೊಳ್ಳಲೂ ಇಲ್ಲ; ಹಾಗೇ ಹಿಡಿದುಕೊಂಡು ಗೇಟಿನವರೆಗೂ ನಡೆದರು.

ದೇಹವನ್ನು ಮೇಲೆತ್ತಿದವರು ದೊಡ್ಡಮಾದಯ್ಯ. ನಂಜನಗೂಡಿನಿಂದ ನರಸೀಪುರದ ಕಡೆಗೆ ಹರಿಯುವ ಆ ನಾಲೆಯಲ್ಲಿ ಮೂವತ್ತು ವರ್ಷ ನೀರುಗಂಟಿಯಾಗಿ ಗದ್ದೆಗಳಿಗೆ ನೀರು ಬಿಟ್ಟ ಮುದುಕರು. ಎಂಟು ವರ್ಷವಾದ ಮೇಲೆ, ಈಚೆಗೆ ಶ್ರಾವಣದ ಮಳೆ ಹಿಡಿದ ಒಂದು ಸಂಜೆ, ಪಕ್ಕದೂರಿನ ನಾಗೇಂದ್ರನ ಶೆಡ್ಡಿನಲ್ಲಿ ಕರೆಂಟು ಹೋಗಿ ಐದಾರು ಜನ ಕೂತಿದ್ದಾಗ ಈ ಕತೆ ಅವರ ಬಾಯಿಂದ ಬಂತು. ನಾಗೇಂದ್ರ ಹೊಸದಾಗಿ ಕೊಂಡ ಜೀಪು ಅಲ್ಲೇ ನಿಂತಿತ್ತು; ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ. ಅದಕ್ಕೆ ಇನ್ನೆರಡು ದೀಪ ಹಾಕಿಸಬೇಕೋ ಬೇಡವೋ ಎಂದು ಮಾತು ನಡೆದಿತ್ತು.

“ಆಕ್ಸ್‌ಬುಡು ನಾಗೇಂದ್ರ, ನಾಟಕದ ಸ್ಟೇಜ್ ಇದ್ದಂಗಿರ್ತದೆ,” ಎಂದು ಒಬ್ಬ ಹಂಗಿಸಿದ. ದೊಡ್ಡಮಾದಯ್ಯ ನಗಲಿಲ್ಲ.

“ದೀಪದ ಮಾತ್ನ ಅಗುರ್ವಾಗಿ ಆಡ್ಬ್ಯಾಡ್ರಪ್ಪ. ಆ ಬಾಗ್ಲು ಎಳ್ಕ, ಎರ್ಚಲು ಒಡೀತದೆ. ಬೆಟ್ಟಸ್ವಾಮಪ್ನೋರ ಜೀಪಿನ ಇಚಾರ ಏಳ್ತೀನಿ, ಕೇಳಿ…”

ಅವರು ಹೇಳಿದ್ದು ಇದು.

ಬೆಟ್ಟಸ್ವಾಮಿಯವರದು ಹೂವಿನ ಬೇಸಾಯ. ಚೆಂಡು ಹೂವಿನ ಮೂಟೆಗಳನ್ನು ಜೀಪಿಗೆ ತುಂಬಿ, ಬೆಳಕು ಹರಿಯುವ ಮೊದಲೇ ಮೈಸೂರಿನ ಮಾರುಕಟ್ಟೆ ಮುಟ್ಟಬೇಕು. ಟಾರು ರಸ್ತೆ ಸಿಗುವವರೆಗೆ ಎರಡು ಮೈಲಿ ನಾಲೆಯ ಏರಿಯ ಮೇಲೆಯೇ ಹೋಗಬೇಕು. ಎಡಕ್ಕೆ ನೀರು, ಬಲಕ್ಕೆ ಆಳದ ಗದ್ದೆ, ನಡುವೆ ಜೀಪಿನ ಅಗಲಕ್ಕಿಂತ ಮೊಳ ಹೆಚ್ಚಿರುವ ಎರೆಮಣ್ಣಿನ ದಾರಿ. ಮಂಜು ಕವಿದ ದಿನಕ್ಕೆ ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಇಳಿದು, ಬೆನ್ನ ಮೇಲೆ ಬಿಳಿ ಟವೆಲು ಹರವಿಕೊಂಡು ಮುಂದೆ ನಡೆಯುವುದು. ಓಡಿಸುವವನು ದಾರಿಯನ್ನು ನೋಡದೆ ಆ ಟವೆಲನ್ನೇ ನೋಡಿಕೊಂಡು ಹಿಂದೆ ಬರುವುದು. ಬೆಟ್ಟಸ್ವಾಮಿ ತಮ್ಮ ತಂದೆಯ ಗಾಡಿಯ ಮುಂದೆ ಹಾಗೆ ನಡೆದವರು. ಈಗ ಮಗ ನಡೆಯುತ್ತಿದ್ದ.

ಬಂಪರಿಗೆ ಎರಡು ಹಳದಿ ದೀಪ ಹಾಕಿಸೋಣವೆಂದು ರುದ್ರೇಶ ಎಷ್ಟು ಸಲ ಕೇಳಿದ್ದನೋ.

“ಮಂಜಲ್ಲಿ ದೀಪ ಜಾಸ್ತಿ ಆದ್ರೆ ಎದುರ್ಗೆ ಗ್ವಾಡೆ ಕಟ್ದಂಗಾಯ್ತದೆ ಕಣ್ಲಾ,” ಎನ್ನುವರು ತಂದೆ.

“ಅದು ಬಿಳಿ ದೀಪುಕ್ಕೆ ಕಣಪ್ಪ. ಅಳದೀದ ತಗ್ಗುಕ್ಕೆ ಕೂರ್ಸುದ್ರೆ ನೆಲ ಕಾಣ್ತದೆ. ನೀನು ಕನ್ನಡ್ಕ ಆಕಂಡಿಲ್ವಾ? ಜೀಪ್ಗೂ ಒಂದು ಆಕ್ಸು.”

“ಕನ್ನಡ್ಕ ಪೇಪರ್ ಓದಕ್ಕೆ ಕಣೋ. ಈ ಏರಿ ನಂಗೆ ಕಣ್ಣು ಮುಚ್ಚುದ್ರೂ ಗೊತ್ತು.”

ಗೊತ್ತಿತ್ತು, ಸುಳ್ಳಲ್ಲ. ಆದರೆ ಮುಂದೆ ನಡೆಯುವವನಿಗೆ ಗೊತ್ತಿರಬೇಕಲ್ಲವೇ? ಆ ಭಾನುವಾರ ತೂಬಿನ ಹತ್ತಿರ ನಾಲೆಯೂ ಏರಿಯೂ ಬಲಕ್ಕೆ ತಿರುಗುವಲ್ಲಿ ಟವೆಲು ತಿರುಗಲಿಲ್ಲ… ನೇರವಾಗಿ ಹೋಯಿತು, ತಗ್ಗಿತು, ಇಲ್ಲವಾಯಿತು. ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದ್ದಾನೆಂದು ಬೆಟ್ಟಸ್ವಾಮಿ ಬ್ರೇಕು ತುಳಿದು ಕಾದರು. ಎಷ್ಟು ಹೊತ್ತು ಕಾದರು ಎಂದು ಅವರನ್ನು ಯಾರು ಕೇಳಬಲ್ಲರು?

ವರ್ಷ ತಿರುಗಿತು. ಮತ್ತೆ ಮಂಜು ಬಿದ್ದ ಮೊದಲ ದಿನ ಅವರೊಬ್ಬರೇ ಏರಿಯ ಮೇಲೆ ಬರುತ್ತಿದ್ದರೆ, ಜೀಪಿನ ಮಂಕು ಬೆಳಕು ಮುಗಿಯುವಲ್ಲಿ ಬಿಳಿ ಟವೆಲು ನಡೆಯುತ್ತಿತ್ತು. ಎಡ ಹೆಗಲನ್ನು ಸ್ವಲ್ಪ ಇಳಿಬಿಟ್ಟ ಅದೇ ನಡಿಗೆ. ಹೆದರಿದರೇ? ಇಲ್ಲ. ಮಗ ಹೋದ ಮೇಲೆ ಮೊದಲ ಬಾರಿಗೆ ಅವರ ಎದೆ ಹಗುರವಾಯಿತು. ತೂಬು ಬರುತ್ತಿದ್ದಂತೆ ಟವೆಲು ಮಂಜಿನಲ್ಲಿ ಕರಗಿತು. ಅಲ್ಲಿಂದ ಎರಡು ಚಳಿಗಾಲ, ಮಂಜು ಬಿದ್ದ ದಿನವೆಲ್ಲ, ಹೂವಿರಲಿ ಇಲ್ಲದಿರಲಿ, ಜೀಪು ಏರಿ ಹತ್ತುತ್ತಿತ್ತು.

ಸೊಸೆ ಅರ್ಪಿತ ನಂಜನಗೂಡಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳು ಒಂದು ದಿನ ಮಾವನನ್ನು ಕೇಳದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ಎರಡು ಹಳದಿ ದೀಪ ಹಾಕಿಸಿದಳು. ಬೆಟ್ಟಸ್ವಾಮಿ ಸ್ಪ್ಯಾನರ್ ತೆಗೆದುಕೊಂಡು ಬಂಪರಿನ ಮುಂದೆ ಕೂತರು.

“ಬಿಚ್ಬೇಡಿ ಮಾವ.”

“ನನ್ನ ಜೀಪ್ಗೆ ಬ್ಯಾಡ ಕಣವ್ವ.”

“ಅವ್ರು ಕೇಳ್ದಾಗ್ಲೂ ಇದೇ ಅಂದ್ರಿ.”

ಸ್ಪ್ಯಾನರ್ ಅಲ್ಲೇ ನಿಂತಿತು. ತಲೆ ಎತ್ತದೆ ಅವರು ಎಲ್ಲವನ್ನೂ ಹೇಳಿದರು. “ಬೆಳಕು ಬಿದ್ರೆ ಅವ್ನು ಬರಕಿಲ್ಲ. ನಂಗೆ ಇರೋದು ಅದೊಂದೇ ಕಣವ್ವ.”

ಅರ್ಪಿತ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. “ನಾನೂ ಬರ್ತೀನಿ. ನಂಗೂ ತೋರ್ಸಿ,” ಎಂದಳು. ದೀಪಗಳು ಉಳಿದವು, ಉರಿಸಬಾರದೆಂಬ ಮಾತಿನ ಮೇಲೆ.

ಆ ವಾರವೇ ಮಂಜು ಬಿತ್ತು. ಟವೆಲು ಬಂತು. ಅರ್ಪಿತಳಿಗೂ ಕಂಡಿತು, ಗಂಡನ ನಡಿಗೆಯನ್ನು ಹೆಂಡತಿ ಮರೆಯುವಳೇ? ಅವಳ ಕಣ್ಣು ತುಂಬಿತು. ಒರೆಸಿಕೊಂಡು ಪಕ್ಕಕ್ಕೆ ಬಗ್ಗಿ ನೋಡಿದರೆ ಚಕ್ರದ ಕೆಳಗೆ ದಾರಿ ಕಾಣಲಿಲ್ಲ, ನೀರು ಕಂಡಿತು.

“ಮಾವ, ನಿಲ್ಸಿ. ತೂಬು ಬಂತು.”

“ಅವ್ನು ಇನ್ನೂ ಓಯ್ತಾವ್ನಲ್ಲ…”

ಅಂದು ಟವೆಲು ಕರಗಲಿಲ್ಲ. ಅರ್ಪಿತ ಸ್ವಿಚ್ಚು ಒತ್ತಿದಳು. ಬೆಟ್ಟಸ್ವಾಮಿಯ ಕಾಲು ತಾನಾಗಿ ಬ್ರೇಕು ತುಳಿಯಿತು.

ಹಳದಿ ಬೆಳಕು ನೆಲ ಹಿಡಿದು ಹರಡಿತು. ಮುಂದಿನ ಎಡ ಚಕ್ರ ಏರಿಯ ಅಂಚಿನಲ್ಲಿತ್ತು. ಎದುರಿಗೆ ನಾಲೆ. ನಾಲೆಯಲ್ಲಿ ಎದೆಮಟ್ಟ ಮುಳುಗಿ ನಿಂತು ರುದ್ರೇಶ ಹಿಂದಿರುಗಿ ನೋಡುತ್ತಿದ್ದ. ಕರೆಯುವ ಮುಖವಲ್ಲ, ಸಿಟ್ಟಿನ ಮುಖವೂ ಅಲ್ಲ. ಕತ್ತಲಲ್ಲಿ ದಾರಿ ತಪ್ಪಿದವನು ಯಾರೋ ಬಂದರೆಂದು ನೋಡುವ ಮುಖ.

“ಅಪ್ಪ, ಏರಿ ಎಲ್ಲಿ?” ಎಂದ. ಮತ್ತೆ ನೀರಷ್ಟೇ ಇತ್ತು.

ಬೆಟ್ಟಸ್ವಾಮಿಗೆ ಆಗ ತಿಳಿಯಿತು. ಎರಡು ಚಳಿಗಾಲ ತಾವು ಮಗನನ್ನು ಕಂಡೆನೆಂದು ಹಿಗ್ಗಿದಾಗಲೆಲ್ಲ, ಮಗ ಪ್ರತಿ ಸಲವೂ ಅದೇ ನೀರಿಗೆ ಬೀಳುತ್ತಿದ್ದ… ಅದನ್ನು ನೋಡಲೆಂದೇ ತಾವು ಕಾದು ಹೋಗುತ್ತಿದ್ದರು.

ಅಲ್ಲಿಂದ ಮುಂದೆ ಮಂಜು ಬಿದ್ದ ದಿನವೆಲ್ಲ ಅವರು ತಿರುವಿನಲ್ಲಿ ಜೀಪು ನಿಲ್ಲಿಸಿ, ಹಳದಿ ದೀಪವನ್ನು ಏರಿಯ ಕಡೆಗೆ ಹಿಡಿದು, ಹೊತ್ತು ಮೂಡುವವರೆಗೂ ಶಿವಶಿವಾ ಎನ್ನುತ್ತ ಕೂತಿರುತ್ತಿದ್ದರು. ಮಗನ ಮುಖ ಮತ್ತೆ ಒಂದು ಸಲವೂ ಕಾಣಲಿಲ್ಲ. ಅದನ್ನು ಬಿಟ್ಟುಕೊಟ್ಟೇ ಅವರು ದೀಪ ಹಿಡಿದದ್ದು. ಗೇಟು ನೋಡಲು ಬರುತ್ತಿದ್ದ ದೊಡ್ಡಮಾದಯ್ಯನಿಗೆ ಇದೆಲ್ಲವನ್ನೂ ಹೇಳಿದ್ದು ಅಲ್ಲಿಯೇ. ಎರಡು ವರ್ಷದ ಹಿಂದೆ ಬೆಟ್ಟಸ್ವಾಮಿ ಕಾಯಿಲೆ ಬಿದ್ದು, ಮನೆಯಲ್ಲೇ, ಹಾಸಿಗೆಯ ಮೇಲೆಯೇ ತೀರಿಕೊಂಡರು.

ಶೆಡ್ಡಿನ ತಗಡಿನ ಮೇಲೆ ಮಳೆ ಜೋರಾಯಿತು. ನಾಗೇಂದ್ರ ಮೆಲ್ಲನೆ ಕೇಳಿದ: “ಈಗ ಅಲ್ಲಿ ದೀಪ ಇಡಿಯೋರು ಯಾರಯ್ಯ?”

“ಯಾರೂ ಇಲ್ಲ ಕಣಪ್ಪ,” ಎಂದರು ದೊಡ್ಡಮಾದಯ್ಯ. “ಓದ ಮಾರ್ಗಶಿರದಲ್ಲಿ ನಾನು ತೂಬಿನತಾವ ನಿಂತಿದ್ದೆ. ಏರಿ ಎಲ್ಲಿ ಅಂತ ಮಂಜೊಳಗಿಂದ ಕೇಳ್ತು… ಆಮೇಲೆ ಇನ್ನೊಂದು ದನಿ, ವಯಸ್ಸಾದ್ದು. ಇರ್ಲಾ ಮಗ, ಬತ್ತಾ ಇವ್ನಿ, ನಂಗೂ ಕಾಣ್ತಿಲ್ಲ ಅಂತು. ದೀಪ ಆಕ್ಸು ನಾಗೇಂದ್ರ. ಮಂಜಲ್ಲಿ ಆ ಕಡೆ ಓದ್ರೆ ತಿರುವಿನ ಮ್ಯಾಲೆ ಒಂದು ಗಳಿಗೆ ಬೆಳಕ ನಿಲ್ಸು. ಇಳೀಬ್ಯಾಡ. ಉತ್ರ ಕೊಡ್ಬ್ಯಾಡ.”

ಮುದುಕರು ನಂಜನಗೂಡಿನ ದಿಕ್ಕಿಗೆ ತಿರುಗಿ ಕೈ ಮುಗಿದರು.

“ನಂಜುಂಡಪ್ಪ, ನಮ್ಮ ಕೈಲಿ ಆಗದ್ದು ಇದು. ಆ ತಂದೆ ಮಗ ಇಬ್ರನ್ನೂ ನೀನೇ ದಡ ಅತ್ತಿಸ್ಕೊ. ಆ ಜೀವಗಳಿಗೆ ನೆಮ್ದಿ ಕೊಡಪ್ಪ.”