ಓಬಳಮ್ಮನ ಮೂಗು ಸರಿಯಾಗಿದೆ

ಪಾವಗಡದಲ್ಲಿ ಇರುವೆ ಕೆಮ್ಮಿದರೂ ಮಧುಗಿರಿಯಲ್ಲಿ ಕೇಳಿಸಿಕೊಳ್ಳುವಂಥ ಕಿವಿ ತಿಪ್ಪೇರುದ್ರನದು. ಲೋಕದ ಅರ್ಧ ಜನ ತುಂಬಿಕೊಂಡಿದ್ದ ತುಮಕೂರು ಬಸ್ಸಿನಲ್ಲೂ, ಆಸ್ಪತ್ರೆಯಲ್ಲಿ ಮೂಗಿನ ಪರೀಕ್ಷೆ ಮುಗಿಸಿ ವಾಪಸಾಗುತ್ತಿದ್ದ ಮುಂದಿನ ಸೀಟಿನ ಓಬಳಮ್ಮ ಮತ್ತು ಅವಳ ಮಗಳ ಪಿಸುಮಾತು ಅವನಿಗೆ ತಪ್ಪಲಿಲ್ಲ.

"ಆರೋಗ್ಯವಾಗಿರೋರ ಮೂಗಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಗಾಳಿ ಎಷ್ಟೈತೆ, ಅದಕ್ಕೂ ವಾಸನೆ ಹಿಡಿಯೋದಕ್ಕೂ ನಂಟೈತಾ ಅಂತ ಡಾಕ್ಟ್ರು ನೋಡಿದ್ರು ಕಣಮ್ಮ. ನಿಂದೆಲ್ಲಾ ಸರಿಯಾಗೈತಂತೆ."

"ಕೆಟ್ಟೈತೆ ಅಂದಿದ್ರೇ ಚೆನ್ನಾಗಿತ್ತು ಮಂಗಳಾ."

"ಹನ್ನೆರಡಕ್ಕೆ ಹನ್ನೆರಡು ವಾಸನೇನೂ ಹೇಳ್ಬುಟ್ಟೆ, ಡಾಕ್ಟ್ರೇ ಬೆರಗಾದ್ರು! ಹಿಂಗ್ಯಾಕಂತೀಯ?"

"ನಿಮ್ಮಪ್ಪ ಸತ್ತ ದಿನ, ರಾಗಿ ತೆಗೆಯಾಕೆ ನೆಲದೊಳಗಿನ ಹಗೇವಿನ ಗುಂಡಿಗೆ ಇಳಿಯೋ ಮುಂಚೆ, ದೀಪ ಇಳಿಬುಟ್ಟು ನೋಡಾನ ಅಂದ್ರು. ದೀಪ ಯಾಕೆ, ನನ್ನ ಮೂಗೈತಲ್ಲ ಅಂದೆ. ಬಗ್ಗಿ ಮೂಸಿ, ಇಳೀರಿ ಅಂದ್ಬುಟ್ಟೆ."

"ಗುಂಡೀಲಿ ತುಂಬ್ಕೊಂಡಿದ್ದ ಆ ಕೆಟ್ಟ ಗಾಳಿಗೆ ವಾಸನೇನೇ ಇಲ್ಲಮ್ಮ. ಯಾರ ಮೂಗಿಗೂ ಸಿಗಲ್ಲ."

"ದೀಪಕ್ಕೆ ಸಿಗ್ತಿತ್ತಲ್ಲ ಮಗಾ. ಆರಿಹೋಗ್ತಿತ್ತು."

"ಇದನ್ನ ಇಷ್ಟು ವರ್ಷ ಹೇಳಲೇ ಇಲ್ಲ ನೀನು."

"ಮೂಗು ಕೆಟ್ಟಿದ್ರೆ, ತಪ್ಪು ಮೂಗಿಂದು ಅಂದ್ಕೊಂಡು ಇವತ್ತೂ ಹೇಳ್ತಿರಲಿಲ್ಲ."

ಬಸ್ಸು ಅವರು ಇಳಿಯಬೇಕಾದ ಕೊರಟಗೆರೆಯಲ್ಲಿ ನಿಂತಿತು. ಮಂಗಳಾ ತಾಯಿಯ ಕಡೆ ನೋಡದೆ ಇಳಿದು ಹತ್ತು ಹೆಜ್ಜೆ ನಡೆದುಹೋದಳು. ಓಬಳಮ್ಮ ಮೆಟ್ಟಿಲ ಮೇಲೆಯೇ ನಿಂತಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ ಮೇಲೆ ಮಗಳು ತಿರುಗಿ ಬಂದು ಕೈ ಕೊಟ್ಟು ಇಳಿಸಿಕೊಂಡಳು.