‘ಅಳಿವೆ’ಯ ತೆಳುಗೆರೆ

ಆಟಿ ತಿಂಗಳ ಆ ಬೆಳಿಗ್ಗೆ ಉಡುಪಿಯಲ್ಲಿ ಮಳೆ ಬರುತ್ತಲೂ ಇರಲಿಲ್ಲ, ಬಿಟ್ಟಿರಲೂ ಇಲ್ಲ. ಮಾಡಿನ ಹಂಚಿನಿಂದ ಹನಿಯೊಂದು ಬಿದ್ದ ಮೇಲೆ ಇನ್ನೊಂದು, ಬೀಳಲೋ ಬೇಡವೋ ಎಂದು ಅಲ್ಲೇ ತೂಗುತ್ತಿತ್ತು. ಮುದ್ರಣಾಲಯದ ಧನಿ ಜನಾರ್ದನನ ಮನಸ್ಸೂ ಹಾಗೆಯೇ ಇತ್ತು. ದೇವರಿಗೆ ದೀಪ ಹಚ್ಚಿದವನು ಕೆಲಸಕ್ಕೆ ಕೂರದೆ ಫೋನಿನ ಪಕ್ಕದಲ್ಲಿ ಶತಪಥ ಹಾಕುತ್ತಿದ್ದ. ಮುಷ್ಟಿಯಲ್ಲಿ ಒಂದು ಮರದ ಅಕ್ಷರ, ಜೇಬಿನಲ್ಲಿ ಒಂದು ಬೀಗದ ಕೈ. ಗಂಟೆಹೊತ್ತು ಕಾದ ಮೇಲೆ ಟ್ರಂಕ್ ಕಾಲ್ ಸಿಕ್ಕಿತು; ಆ ಕಡೆಯ ಮಾತು ಅವನ ಕಿವಿಗೆ ಮಾತ್ರ.

“ಹಲೋ... ಯಾರು ಮಾತನಾಡುವುದು? ಕಾರ್ಕಳವಾ? ಪೀಟರನ ಬಸ್ ಆಫೀಸಾ?...”

“ಹಾಂ ಪೀಟರ್, ನಾನು ಜನಾರ್ದನ, ಉಡುಪಿಯ ಪ್ರೆಸ್ಸಿನಿಂದ. ನಿನ್ನ ಪಕ್ಕದ ಲಿಯೋನೆಲ್ ಪೊರ್ಬುಗಳನ್ನು ಸ್ವಲ್ಪ ಕರೆ... ಸಂತರ ಮೂರ್ತಿ ಕೆತ್ತುವವರೇ ಮಾರಾಯ, ಮತ್ತೆ ಯಾವ ಲಿಯೋನೆಲ್?... ಮಳೆಯ ಸುದ್ದಿ ಆಮೇಲೆ, ಮೂರೇ ನಿಮಿಷ ಉಂಟು. ಓಡು!...”

ಊರವರು ಗೌರವದಿಂದ ‘ಪೊರ್ಬುಗಳು’ ಎನ್ನುವ ಲಿಯೋನೆಲ್ ಎರಡು ವರ್ಷ ಕುಳಿತು, ದೊಡ್ಡ ತಲೆಬರಹಕ್ಕೆಂದೇ ಒಂದು ಸೆಟ್ ಮರದ ಅಕ್ಷರ ಕೆತ್ತಿದ್ದ. ದಪ್ಪ ಗೆರೆ ಹೆಬ್ಬೆರಳಷ್ಟು, ತೆಳುಗೆರೆ ಕೂದಲೆಳೆಯಷ್ಟು. ಅಂಥದ್ದು ಈ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ಕಾಪುವಿನ ಶಾಲೆಯೊಂದರ ಬೆಳ್ಳಿಹಬ್ಬದ ಸಂಚಿಕೆ ‘ಅಳಿವೆ’ಯ ಮುಖಪುಟಕ್ಕೆಂದು ಜನಾರ್ದನ ಅವನ್ನು ಕೇಳಿ ತಂದಿದ್ದ.

“ಹಲೋ, ಪೊರ್ಬುಗಳೇ, ನಮಸ್ಕಾರ... ಅಕ್ಷರವಾ? ಅಕ್ಷರಕ್ಕೆ... ಎಂತ ಹೇಳುವುದು... ‘ಳಿ’ ಉಂಟಲ್ಲ, ಅದು ಬಿರುಕು ಬಿಟ್ಟಿದೆ...”

“ನೆತ್ತಿಯ ಮೇಲಿನ ಗುಡಿಸಿನಲ್ಲಿ. ಹಾಂ, ತೆಳುಗೆರೆಯಲ್ಲೇ. ತುಂಡಾಗಿ ಬಿದ್ದಿಲ್ಲ, ದೇವರ ದಯೆ...”

“ನಾನಲ್ಲ! ನಾನು ಯಾಕೆ ಒಡೆಯಲಿ? ಇಲ್ಲಿ ಹಾಳೆ ಮಡಚುವ ಇಮೆಲ್ಡಾ ಬಾಯಿ ಇದ್ದಾರಲ್ಲ, ಸಂಜೆ ಅಕ್ಷರ ಶುಚಿ ಮಾಡುವುದು ಅವರೇ. ಸೀಸದ ಅಚ್ಚುಮೊಳೆಯ ಹಾಗೆ ಇದನ್ನೂ ನೀರಿಗೆ ಹಾಕಿರಬೇಕು. ಹನ್ನೊಂದು ವರ್ಷ ಅಕ್ಷರದ ಕಪಾಟಿನ ಬೀಗದ ಕೈ ಅವರ ಹತ್ತಿರವೇ ಇತ್ತು. ಬೆಳಿಗ್ಗೆ ಬಂದ ಕೂಡಲೇ ತೆಗೆದುಕೊಂಡೆ. ಮತ್ತೆ ಎಂತ ಮಾಡುವುದು?...”

ಅರ್ಧ ಗೋಡೆಯ ಆಚೆ ಹಾಳೆ ಮಡಚುವ ಸದ್ದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಬೀಗದ ಕೈ ಕೊಡುವಾಗ ಇಮೆಲ್ಡಾ ಬಾಯಿ ಒಂದೇ ಮಾತು ಆಡಿದ್ದಳು: “ನಾನು ಸೀಮೆಎಣ್ಣೆಯ ಬಟ್ಟೆಯಲ್ಲೇ ಒರೆಸಿದ್ದು ಧನಿಗಳೇ.” ಆಮೇಲೆ ಹಾಳೆ ಮಡಚಲು ಕುಳಿತಿದ್ದಳು.

“ಉಬ್ಬಿದೆಯಾ ಅಂತಲಾ? ನೋಡುತ್ತೇನೆ... ಇಲ್ಲ, ಉಬ್ಬಿಲ್ಲ. ಮೂಸುವುದಾ? ತಡೆಯಿರಿ... ಸೀಮೆಎಣ್ಣೆಯ ವಾಸನೆಯೇ... ಹಾಂ... ನೀರಿಗೆ ಬಿದ್ದ ಮರ ಉಬ್ಬಬೇಕಿತ್ತು, ಅಲ್ವಾ?...”

“ತಿರುಗಿಸುವುದಾ? ಅಡಿಯಲ್ಲಿ ಎಂತ ಇರುತ್ತದೆ ಪೊರ್ಬುಗಳೇ, ಮರ ಅಲ್ಲದೆ... ಆಯ್ತು, ಆಯ್ತು, ತಿರುಗಿಸಿದೆ...”

ಅಕ್ಷರದ ಬೆನ್ನಿಗೆ ಮೂರು ಪದರ ದಪ್ಪ ಕಾಗದ ಅಂಟಿಕೊಂಡಿತ್ತು. ಮದುವೆ ಕಾಗದದ ಚೂರು. ಕತ್ತರಿಸಿದ್ದು ಜನಾರ್ದನನದೇ ಕೈ. ಮೊನ್ನೆ ಮೊದಲ ಕರಡು ತೆಗೆದಾಗ ದಪ್ಪ ಗೆರೆ ಕಾಡಿಗೆಯಂತೆ ಮೂಡಿತ್ತು, ತೆಳುಗೆರೆ ಉಸಿರಿನಷ್ಟು. ಅವನಿಗೆ ಸಮಾಧಾನವಾಗಲಿಲ್ಲ. ಅಡಿಗೆ ಕಾಗದ ಕೊಟ್ಟು ಅಕ್ಷರವನ್ನು ಎತ್ತರಿಸಿ ಯಂತ್ರವನ್ನು ಬಿಗಿಯಾಗಿ ಒತ್ತಿದ್ದ. ಗೆರೆ ಕಪ್ಪಾಯಿತು, ಖುಷಿಯಾಯಿತು, ಮರೆತೂ ಹೋಯಿತು. ಬೆಳಿಗ್ಗೆ ಬಿರುಕು ಕಂಡಾಗ ಕಣ್ಣು ಮೊದಲು ಹುಡುಕಿದ್ದು ಇನ್ನೊಬ್ಬರನ್ನು. ಒಮ್ಮೊಮ್ಮೆ ದೇವರು ಹೀಗೆ, ಕೇಳುವವನಿಗೆ ಉತ್ತರವನ್ನು ಅವನ ಅಂಗೈಯಲ್ಲೇ ಮಗುಚಿ ಇಟ್ಟುಬಿಡುತ್ತಾನೆ.

“ಹಲೋ... ಇದ್ದೇನೆ, ಇದ್ದೇನೆ...”

“ಕಾಗದ ಉಂಟು. ಮೂರು ತುಂಡು... ಯಾರು ಅಂಟಿಸಿದ್ದು ಎಂದರೆ... ಅದು...”

“ಎಕ್ಸ್‌ಚೇಂಜಿನವರೇ, ಕಡಿಯಬೇಡಿ! ಒಂದು ನಿಮಿಷ, ಒಂದೇ ನಿಮಿಷ!...”

ಅವನ ಕಣ್ಣು ಅರ್ಧ ಗೋಡೆಯ ಕಡೆ ಹೋಯಿತು. ದನಿ ತಗ್ಗಿಸಿ ಹೇಳಬಹುದಿತ್ತು. ಅವನು ಏರಿಸಿದ.

“ನಾನೇ ಅಂಟಿಸಿದ್ದು. ಹಾಂ, ನಾನೇ! ಬಾಯಿಯವರದ್ದು ಎಂತದ್ದೂ ತಪ್ಪಿಲ್ಲ. ತೆಳುಗೆರೆಯೂ ದಪ್ಪದ ಹಾಗೆ ಕಪ್ಪಗೆ ಬೀಳಲಿ ಎಂದು ಮೇಲೆತ್ತಿದೆ. ಭಾರವೆಲ್ಲ ಅದರ ತಲೆಯ ಮೇಲೆ ಬಿತ್ತು... ನೀವು ಹೇಳಿದ್ದಿರಿ, ತೆಳುವನ್ನು ತೆಳುವಾಗಿಯೇ ಬಿಡು, ಅದು ಇದ್ದರೇ ದಪ್ಪಕ್ಕೆ ಅಂದ ಎಂದು. ನನ್ನ ಕಿವಿಗೆ ಹೋಗಲಿಲ್ಲ... ಬೈಯಿರಿ, ಎರಡು ಬೈಯಿರಿ... ನಗುವುದಾ? ನನ್ನ ಜೀವ ಹೋಗುತ್ತಾ ಉಂಟು, ನಿಮಗೆ ನಗೆ!...”

“ಕಾಗದ ಕಿತ್ತು ಹಗುರವಾಗಿ ಬಿಗಿದರೆ ಬಿರುಕು ಕೂಡುತ್ತದಾ? ಅಚ್ಚಿನಲ್ಲಿ ಕಾಣುವುದಿಲ್ವಾ?... ಶಾಯಿ ಕಡಿಮೆ, ಹಾಂ, ಕಡಿಮೆ... ಹಾಗಾದರೆ ಮೂರು ಗಂಟೆಯ ಕಾಪು ಬಸ್ಸಿಗೆ ಕಳಿಸಬಹುದು. ಬದುಕಿಸಿದಿರಿ...”

“ಎಂತ?... ಯಾರಿಗೆ?... ಇಲ್ಲ, ಇನ್ನೂ ಹೇಳಲಿಲ್ಲ. ಗೋಡೆಯ ಆಚೆಯೇ ಇದ್ದಾರೆ, ಈಗ ಕೇಳಿಸಿರಬೇಕು... ಕೇಳಿಸಿದರೆ ಸಾಕಾ ಎಂದರೆ... ಹಲೋ? ಪೊರ್ಬುಗಳೇ?... ಹಲೋ... ಹಲೋ...”

ಲೈನು ಕಡಿದಿತ್ತು. ಜನಾರ್ದನ ಫೋನನ್ನು ಇಟ್ಟು ಜೇಬಿನಿಂದ ಬೀಗದ ಕೈ ತೆಗೆದ. ಮತ್ತೆ ಗೋಡೆಯನ್ನು ಬಳಸಿ ಆಚೆ ಹೋದ. ಇಮೆಲ್ಡಾ ಬಾಯಿ ತಲೆ ಎತ್ತಲಿಲ್ಲ.

“ತಪ್ಪು ನನ್ನದು ಬಾಯಿ” ಎಂದ.

ಮಡಚಿದ ಹಾಳೆಗಳ ಪಕ್ಕದಲ್ಲಿ, ಸದ್ದಾಗದಂತೆ, ಬೀಗದ ಕೈ ಇಟ್ಟ. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ಸೀಮೆಎಣ್ಣೆ ಮುಗಿದಿದೆ, ತರಿಸಬೇಕು” ಎಂದಳು.