ರವಿಚಂದ್ರ ಆತುರ ಬೀಳಲಿಲ್ಲ

ಎಲ್ಲರಿಗೂ ನಮಸ್ಕಾರ. ಎರಡನೇ ಪಾಳಿಗೆ ಹೋಗಬೇಕಾದವರೂ ಬಂದು ಹಿಂದೆ ನಿಂತಿದ್ದೀರಿ, ನಿಮಗೂ ನಮಸ್ಕಾರ. ಮುಂದೆ ಕುಳಿತಿರುವ ರವಿಚಂದ್ರನ ತಾಯಿ ಪಿಳ್ಳಮ್ಮನವರಿಗೆ, ಹೆಂಡತಿ ಮಮತ ಅವರಿಗೆ, ಮಗಳು ಸಿಂಚನಳಿಗೆ — ಏನು ಹೇಳಲಿ, ನಿಮ್ಮ ಎದುರು ನಿಲ್ಲುವುದಕ್ಕೇ ನನಗೆ ಮುಖವಿಲ್ಲ. ಆದರೂ ನಿಂತಿದ್ದೇನೆ.

ಹೊಸ ಹುಡುಗರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ನಾನು ಸಂಜೀವಪ್ಪ. ಇದೇ ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಹೋದ ವರ್ಷ ಸೂಪರ್‌ವೈಸರ್ ಆಗಿ ನಿವೃತ್ತನಾದೆ. ಸಂಘದ ಕಾರ್ಯದರ್ಶಿ ಮುನಿರಾಜ್ ಅವರು "ರವಿ ಬಗ್ಗೆ ಎರಡು ಒಳ್ಳೆ ಮಾತಾಡಿ ಸಾರ್" ಅಂದರು. ಒಳ್ಳೆಯ ಮಾತನ್ನು ಈಗಾಗಲೇ ನಾಲ್ಕು ಜನ ಆಡಿದ್ದಾರೆ. ಸ್ಟೋರ್ಸ್‌ನಲ್ಲಿ ಒಂದು ನಟ್ಟು ಆಚೀಚೆ ಆಗಲು ಅವನು ಬಿಡಲಿಲ್ಲ, ನಿಜ. ಯಾರ ಜೊತೆಗೂ ಜಗಳ ಆಡಲಿಲ್ಲ, ಅದೂ ನಿಜ. ಆದರೆ ಒಬ್ಬರು ಇನ್ನೊಂದು ಮಾತನ್ನೂ ಹೇಳಿದರು — ವಯಸ್ಸಿನ ಆತುರದಲ್ಲಿ ಕೈ ಕಳೆದುಕೊಂಡರೂ ಧೃತಿಗೆಡಲಿಲ್ಲ ಅಂತ. ಆ ಆತುರದ ಮಾತು ಸುಳ್ಳು. ಹೇಳಿದವರದು ತಪ್ಪಿಲ್ಲ. ಆ ಸುಳ್ಳನ್ನು ಮೊದಲು ಕಾಗದದ ಮೇಲೆ ಬರೆದವನು ನಾನು.

ಸ್ವಲ್ಪ ನೀರು ಕೊಡಿ ಯಾರಾದರೂ.

ಇಪ್ಪತ್ತೆರಡು ವರ್ಷದ ಹಿಂದಿನ ವಿಜಯದಶಮಿ. ರವಿಚಂದ್ರನಿಗೆ ಆಗ ಹತ್ತೊಂಬತ್ತು. ತೂಬಗೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ನಿಮಗೆಲ್ಲ ಗೊತ್ತು, ನಮ್ಮಲ್ಲಿ ಆಯುಧಪೂಜೆಗೆ ಪ್ರೆಸ್ಸಿನ ಗಾರ್ಡ್ ಬಿಚ್ಚುತ್ತೇವೆ. ಕೈ ಒಳಗೆ ಹೋಗದಿರಲಿ ಎಂದು ಮುಂದೆ ಕೂರಿಸಿರುವ ಕಬ್ಬಿಣದ ಜಾಲರಿ ಅದು. ಅದು ಇದ್ದರೆ ಒಳಗಿನ ಅಚ್ಚಿಗೆ ಕುಂಕುಮ ಇಡಲು ಆಗುವುದಿಲ್ಲ, ಹೂವು ಹಾಕಲು ಆಗುವುದಿಲ್ಲ. ಬಿಚ್ಚಿ, ತೊಳೆದು, ಅದಕ್ಕೂ ವಿಭೂತಿ ಬಳಿದು ಗೋಡೆಗೆ ಒರಗಿಸುತ್ತೇವೆ. ಮಾರನೆಯ ದಿನ ಒಳ್ಳೆಯ ಗಳಿಗೆಯಲ್ಲಿ ಪ್ರತಿ ಮೆಷಿನ್ನಿಂದ ಒಂದು ಪೀಸಾದರೂ ತೆಗೆಯಬೇಕು. ಅವತ್ತು ಗಳಿಗೆ ಇದ್ದದ್ದು ಒಂಬತ್ತೂವರೆವರೆಗೆ. ಆಗಲೇ ಒಂಬತ್ತು ಇಪ್ಪತ್ತಾಗಿತ್ತು. ಗಾರ್ಡಿಗೆ ಎಂಟು ಬೋಲ್ಟು.

ಹುಡುಗ ಕೇಳಿದ — ಇದನ್ನು ನೀವು ಕೇಳಿಸಿಕೊಳ್ಳಬೇಕು, ತಾಯಿ — ಹುಡುಗ ಕೇಳಿದ. ಸ್ಪ್ಯಾನರ್ ಹಿಡಿದು, ಹೀಗೆ ನಿಂತು ಕೇಳಿದ. "ಅಣ್ಣ, ಗಾರ್ಡ್ ಕೂರಿಸ್ಬಿಟ್ಟು ಶುರು ಮಾಡ್ಲಾ?"

ಅವತ್ತು ಆ ಪಾಳಿ ನೋಡಿಕೊಳ್ಳುತ್ತಿದ್ದವನು ನಾನು. ಏನಂದೆ? "ಲೇ, ಗಳಿಗೆ ಮುಗ್ದೋಗುತ್ತೆ ಕಣೋ. ಒಂದೇ ಒಂದ್ ಪೀಸ್ ತಗಿ, ಗಾರ್ಡ್ ಆಮೇಲ್ ಹಾಕ್ಕೊಳ್ಳೋವಂತೆ."

ಅವನು ಸ್ಪ್ಯಾನರ್ ಕೆಳಗಿಟ್ಟ. ಪೆಡಲ್ ತುಳಿದ. ಪೀಸ್ ಆಯಿತು, ಆದರೆ ಚೆಂಡುಹೂವಿನ ದಾರ ಸಿಕ್ಕಿಕೊಂಡು ಅಚ್ಚಿನಲ್ಲೇ ಕಚ್ಚಿ ಕೂತಿತು. "ಕೈ ಹಾಕಿ ಎಳ್ಕೊಳ್ಳೋ" ಅಂದವನೂ ನಾನೇ. ಅವನು ಬಲಗೈ ಹಾಕಿದ. ಕಾಲು ಪೆಡಲ್ ಮೇಲೆ ಇರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಆದರೂ ಪ್ರೆಸ್ ತಾನಾಗಿಯೇ ಇನ್ನೊಂದು ಏಟು ಇಳಿಯಿತು. ಹಳೆಯ ಮೆಷಿನ್, ಒಮ್ಮೊಮ್ಮೆ ಹಾಗೆ ಇಳಿಯುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. — ಆ ಕೈಯಲ್ಲಿ ಹೆಬ್ಬೆರಳು ಒಂದು ಉಳಿಯಿತು.

ಸಂಜೆ ವರದಿ ಬರೆಯಲು ನನ್ನನ್ನೇ ಕೂರಿಸಿದರು. ಕಾರ್ಮಿಕನು ಆತುರದಿಂದ, ಯಾರನ್ನೂ ಕೇಳದೆ, ಗಾರ್ಡ್ ಹಾಕದೆ ಯಂತ್ರ ಚಾಲನೆ ಮಾಡಿದ್ದಾನೆ ಎಂದು ಬರೆದೆ. ಯಾರನ್ನೂ ಕೇಳದೆ. ಮನೆಯಲ್ಲಿ ಎಳೆಕೂಸು ಇತ್ತು, ಕೆಲಸ ಹೋಗುತ್ತದೆಂದು ಭಯವಾಯಿತು, ಬರೆದೆ. ಅಷ್ಟೇ.

ಆಸ್ಪತ್ರೆಯಲ್ಲಿ ಈ ತಾಯಿ ಮಗನ ತಲೆ ಸವರುತ್ತ, ಅಳುತ್ತಲೇ ಬೈದರು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಎಷ್ಟ್ ಬಡ್ಕೊಂಡೆ, ಕೇಳಿದ್ಯೇನೋ ಮಗ ನೀನು?" ನಾನು ಮಂಚದ ಪಕ್ಕ ಮೂಸಂಬಿ ಚೀಲ ಹಿಡಿದು ನಿಂತಿದ್ದೆ. ರವಿಚಂದ್ರ ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

ಗಾಯ ಮೂರು ತಿಂಗಳಿಗೆ ಮಾಯಿತು, ಅವನನ್ನು ಸ್ಟೋರ್ಸ್‌ಗೆ ಹಾಕಿದರು. ಆಮೇಲಿನದು ಇದೆಯಲ್ಲ, ಅದನ್ನು ಹೇಳಬೇಕು. ಮದುವೆ ಮನೆಯಲ್ಲಿ ಅವನು ಪಂಕ್ತಿಗೆ ಕೂತದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ನಾಲ್ಕು ಜನ ನೋಡಬಾರದೆಂದು ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದ. ಒಂದು ಗುಡಿಯಲ್ಲಿ ತೀರ್ಥಕ್ಕೆ ಎಡಗೈ ಚಾಚಿದನಂತೆ. ಅರ್ಚಕರು, ಪಾಪ ಅವರಿಗೇನು ಗೊತ್ತು, "ಬಲಗೈ ಒಡ್ಡಪ್ಪ" ಅಂದರು. ಇವನು ಜೇಬಿನಿಂದ ಬಲಗೈ ತೆಗೆದು ತೋರಿಸಿದ — ಹೀಗೆ. ಅಂದಿನಿಂದ ಹೆಂಡತಿ ಮಗಳನ್ನು ಒಳಗೆ ಕಳಿಸಿ, ತಾನು ಹೊರಗೆ ಚಪ್ಪಲಿ ಕಾಯುತ್ತಿದ್ದನೆಂದು ಮಮತ ಮೊನ್ನೆ ಹೇಳಿದರು. ಚಳಿಗಾಲ ಬಂದರೆ ನನ್ನ ಹತ್ತಿರ ನಗುತ್ತಿದ್ದ. "ಇಲ್ದಿರೋ ಬೆರಳು ಕಡೀತದೆ ಕಣಣ್ಣ, ಎಲ್ಲಿ ಅಂತ ಕೆರ್ಕೊಳ್ಳಲಿ?" ನಾನೂ ನಗುತ್ತಿದ್ದೆ. ಥೂ, ಅದೂ ಒಂದು ನಗುವೇ.

ಪ್ರತಿ ವಿಜಯದಶಮಿಯ ಬೆಳಗ್ಗೆ, ಯಾರೂ ಬರುವ ಮೊದಲೇ ಬಂದು, ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು, ಮೊಂಡು ಕೈಯಿಂದ ಒತ್ತಿ ಹಿಡಿದು, ಹನ್ನೆರಡು ಪ್ರೆಸ್ಸಿಗೂ ಗಾರ್ಡ್ ಕೂರಿಸುತ್ತಿದ್ದ. ಅದು ಸ್ಟೋರ್ಸ್‌ನವರ ಕೆಲಸವಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ಅಂಗಿಯೆಲ್ಲ ಕುಂಕುಮ ಮಾಡಿಕೊಂಡು ಹೊರಗೆ ಬರುತ್ತಿದ್ದ. ನಾನು ಗೇಟಿನ ಹತ್ತಿರ ಟೀ ಕುಡಿಯುತ್ತ, ಅವನು ಮುಗಿಸಲಿ ಎಂದು ಕಾಯುತ್ತಿದ್ದೆ. ಹೋಗಿ ಒಂದು ಬೋಲ್ಟು ಬಿಗಿಯುವ ಧೈರ್ಯ ನನಗೆ ಬರಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ ಒಂದು ಸಲ. ನಾನು ನಿವೃತ್ತನಾದ ದಿನ, ಹಾರ ಹಾಕಿಸಿಕೊಂಡು ಹೊರಟಾಗ, ಪಕ್ಕಕ್ಕೆ ಕರೆದ. "ಅಣ್ಣ, ಇನ್ ಮೇಲೆ ನಿಮ್ ಕೆಲ್ಸಕ್ಕೇನೂ ತೊಂದ್ರೆ ಇಲ್ವಲ್ಲ. ನಮ್ಮವ್ವಂಗೆ ಒಂದ್ಸಲ ಹೇಳ್ಬಿಡಿ, ನಾನು ಆತುರ ಬೀಳ್ಲಿಲ್ಲ ಅಂತ. ನಾನ್ ಹೇಳಿದ್ರೆ ನಂಬಲ್ಲ."

"ಆಗ್ಲಪ್ಪ, ಬರ್ತೀನಿ" ಅಂದೆ. ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಹಬ್ಬ ಕಳೆಯಲಿ ಅಂದುಕೊಂಡೆ. ಹದಿನಾಲ್ಕು ತಿಂಗಳು ಹೋಯಿತು. ಹನ್ನೊಂದು ದಿನದ ಹಿಂದೆ ಎದೆನೋವು ಬಂದು ಅವನೇ ಹೊರಟುಹೋದ. ಅವನಿಗೆ ನಲವತ್ತೊಂದು.

ಮಣ್ಣಿಗೆ ಹೋದ ದಿನ ಸಿಂಚನ ನನ್ನ ಪಕ್ಕ ಕೂತು ಹೇಳಿದಳು. "ಅಜ್ಜಿ ನಂಗೂ ಅದೇ ಹೇಳ್ತಿರ್ತಾರೆ ಅಂಕಲ್, ನಿಮ್ಮಪ್ಪನ ಥರ ಆತುರ ಬೀಳ್ಬೇಡ ಅಂತ."

ಪಿಳ್ಳಮ್ಮನವರೇ, ನಿಮ್ಮ ಮಗ ಆತುರ ಬೀಳಲಿಲ್ಲ. ಅವನು ಕೇಳಿದ. ಬೇಡ ಅಂದವನು ನಾನು. ಇದನ್ನೇ ಬರೆದು, ಸಹಿ ಹಾಕಿ, ಇಂದು ಬೆಳಗ್ಗೆ ಆಫೀಸಿಗೂ ಸಂಘಕ್ಕೂ ಕೊಟ್ಟಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಅವನು ಬದುಕಿದ್ದಾಗ ನಿಮ್ಮ ಜಗುಲಿ ಮೇಲೆ ಕೂತು ಹೇಳಬೇಕಾಗಿದ್ದ ಮಾತನ್ನು ಇವತ್ತು ಮೈಕಿನಲ್ಲಿ ಹೇಳುತ್ತಿದ್ದೇನಲ್ಲ, ಆ ಪಶ್ಚಾತ್ತಾಪ ನನ್ನ ಜೊತೆಯೇ ಬರುತ್ತದೆ.

ಹುಡುಗರೇ, ನನ್ನಂಥ ದೊಡ್ಡವನೊಬ್ಬ ಬಂದು ಒಂದೇ ಒಂದು ಪೀಸ್ ಅಂದರೆ, ಕೇಳಬೇಡಿ. ಬೈದರೆ ಬೈಸಿಕೊಳ್ಳಿ.

ಈಗ ಎಲ್ಲರೂ ಎದ್ದು ನಿಲ್ಲಿ. ಅವನಿಗಾಗಿ ಒಂದು ನಿಮಿಷ ಯಾರೂ ಮಾತಾಡುವುದು ಬೇಡ. — ಬೇಡ ತಾಯಿ, ನೀವು ಏಳಬೇಡಿ. ಕೂತಿರಿ. ನಿಮ್ಮ ಮುಂದೆ ನಿಲ್ಲಬೇಕಾದವರು ನಾವು.